ಇದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು? ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಸುವವರಿಗೆ ಪಾಠ ಮುಗಿದ ಮೇಲೆಯೇ ನಿಜವಾದ ಪ್ರಶ್ನೆಗಳು ಬರುತ್ತವೆ. ಬಾಗಿಲ ಹತ್ತಿರ ನಿಂತು, ಪತ್ರದ ಕೊನೆಯಲ್ಲಿ, ಫೋನ್ ಇಡುವ ಮುಂಚೆ "ಇನ್ನೊಂದು ಕೇಳ್ಲಾ?" ಅಂತ ಶುರುವಾಗುವ ಪ್ರಶ್ನೆಗಳು. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳಲ್ಲಿ ಕನ್ನಡ ವ್ಯಾಕರಣ ಆಗಾಗ ತಲೆ ಹಾಕುತ್ತದೆ, ಅದು ಬೇಕೆಂದೇ. ನಮ್ಮ ಇಂಗ್ಲಿಷ್ ತಪ್ಪುಗಳಲ್ಲಿ ಬಹುಪಾಲು ಏನೂ ಗೊತ್ತಿಲ್ಲದೆ ಆದವಲ್ಲ, ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಆದವು.

## ಮೊದಮೊದಲ ತೊಡಕುಗಳು

ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷಿಗೆ ತಿರುಗಿಸ್ತೀನಿ. ಹಾಗೆ ಮಾಡಬಾರದು ಅಂತಾರೆ, ನಿಜಾನಾ?

ಶುರುವಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಬೇಡ ಅಂದರೆ ಬಾಯಿ ಕಟ್ಟಿಹೋಗುತ್ತದೆ. ಆದರೆ ಪದಕ್ಕೆ ಪದ ಇಡುತ್ತಾ ಹೋಗಬೇಡಿ, ದಿಕ್ಕನ್ನು ತಿರುಗಿಸಿ. ಕನ್ನಡದಲ್ಲಿ ಮುಖ್ಯವಾದ ಪದ ಕೊನೆಗೆ ಬರುತ್ತದೆ, ಅದರ ವಿವರವೆಲ್ಲ ಮೊದಲೇ ಬಂದು ಕೂತಿರುತ್ತದೆ. "ನಿನ್ನೆ ಬಂದ ಹುಡುಗನ ಅಣ್ಣನ ಮನೆಯ ಬಾಗಿಲು" ಎಂಬುದನ್ನು ಕೊನೆಯಿಂದ ಹಿಂದಕ್ಕೆ ಓದಿ: ಬಾಗಿಲು, ಮನೆ, ಅಣ್ಣ, ಹುಡುಗ, ಬಂದದ್ದು, ನಿನ್ನೆ. ಇಂಗ್ಲಿಷಿನ ಸಾಲು ಹೆಚ್ಚುಕಡಿಮೆ ಹಾಗೇ ಇರುತ್ತದೆ: ‘ದ ಡೋರ್ ಆಫ್ ದ ಹೌಸ್ ಆಫ್ ದ ಬ್ರದರ್ ಆಫ್ ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’. ಇಷ್ಟು ಉದ್ದಕ್ಕೆ ಯಾರೂ ಮಾತಾಡುವುದಿಲ್ಲ ಬಿಡಿ, ಆದರೆ ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವು ಆಗಿರುವುದು ಕಾಣುತ್ತದೆ. ಕ್ರಿಯಾಪದದ ಕಥೆಯೂ ಅದೇ. ನಾವು ಅದನ್ನು ಕೊನೆಯವರೆಗೆ ಬಚ್ಚಿಟ್ಟುಕೊಳ್ಳುತ್ತೇವೆ, ಇಂಗ್ಲಿಷ್ ಮಾತಾಡುವವರು ಎರಡನೇ ಹೆಜ್ಜೆಗೇ ಕೇಳುತ್ತಾರೆ.

ಎ, ಆ್ಯನ್, ದ. ಎಷ್ಟು ಸಲ ಓದಿದ್ರೂ ತಲೆಗೆ ಹೋಗ್ತಿಲ್ಲ. ಇವಿಲ್ಲದೆ ನಡೆಯಲ್ವಾ?

ನಡೆಯುತ್ತದೆ, ಕುಂಟುತ್ತಾ. ಈ ಮೂರರ ಕೆಲಸ ಕನ್ನಡದಲ್ಲೂ ಇದೆ, ಬೇರೆ ವೇಷದಲ್ಲಿ. ಕಥೆ ಹೇಳುವಾಗ ಹೇಗೆ ಶುರು ಮಾಡುತ್ತೀರಿ? "ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಮಕ್ಕಳು." ಆ ‘ಒಬ್ಬ’ನೇ ‘ಎ’, ‘ಆ’ಯೇ ‘ದ’. ಇತಿಹಾಸವೂ ಇದನ್ನೇ ಹೇಳುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಅರ್ಥದ ಪದವೇ ಸವೆದು ‘ಆ್ಯನ್’, ‘ಎ’ ಆಯಿತು. ‘ಅದು, ಆ’ ಎಂದು ಬೊಟ್ಟುಮಾಡುವ ಪದಗಳ ಗುಂಪಿನಿಂದ ‘ದ’ ಬಂತು.

ಹಾಗಾಗಿ ಕೇಳಿಕೊಳ್ಳಬೇಕಾದ್ದು ಒಂದೇ: ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆ ಅಂತ ಎದುರಿಗಿರುವವರಿಗೆ ಗೊತ್ತಾ? ಗೊತ್ತಿದ್ದರೆ ‘ದ’. ಸೂರ್ಯ ಒಬ್ಬನೇ, ಎಲ್ಲರಿಗೂ ಗೊತ್ತು, ಆದ್ದರಿಂದ ‘ದ ಸನ್’. ‘ಬಾಗಿಲು ಹಾಕಿ’ ಅಂದಾಗ ಯಾವ ಬಾಗಿಲು ಅಂತ ಇಬ್ಬರಿಗೂ ಗೊತ್ತು, ‘ಕ್ಲೋಸ್ ದ ಡೋರ್’. ಗೊತ್ತಿಲ್ಲದಿದ್ದರೆ, ವಸ್ತು ಒಂದೇ ಆಗಿದ್ದರೆ, ಎಣಿಸಲು ಬರುವಂತಿದ್ದರೆ ‘ಎ’. ಪ್ರತ್ಯಯದಲ್ಲೂ ನಾವು ಇದೇ ಕೆಲಸ ಮಾಡುತ್ತೇವೆ. "ಪುಸ್ತಕ ಓದಿದೆ" ಅಂದರೆ ಯಾವುದೋ ಪುಸ್ತಕ. "ಪುಸ್ತಕವನ್ನು ಓದಿದೆ" ಅಂದ ಕೂಡಲೇ ಅದು ನಿಮಗೆ ಗೊತ್ತಿರುವ ಪುಸ್ತಕದ ಕಡೆ ವಾಲುತ್ತದೆ.

‘ಎ’ ಮತ್ತು ‘ಆ್ಯನ್’ ನಡುವೆ ಆರಿಸುವಾಗ ಅಕ್ಷರ ನೋಡಬೇಡಿ, ಸದ್ದು ಕೇಳಿ. ‘ಆ್ಯನ್ ಅವರ್’, ಏಕೆಂದರೆ ಅಲ್ಲಿ ‘ಹ’ ಸದ್ದಿಲ್ಲ. ‘ಎ ಯೂನಿವರ್ಸಿಟಿ’, ಏಕೆಂದರೆ ಮೊದಲ ಸದ್ದು ‘ಯ’. ಇಂಗ್ಲಿಷರೇ ಇಲ್ಲಿ ಎಡವಿದ್ದುಂಟು. ಹಿಂದೆ ‘ಎ ನೇಪ್ರನ್’ ಅನ್ನುತ್ತಿದ್ದರು, ಕಿವಿ ಅದನ್ನು ತಪ್ಪಾಗಿ ಒಡೆದು ‘ಆ್ಯನ್ ಏಪ್ರನ್’ ಮಾಡಿತು. ಈಗ ಅದೇ ಸರಿ.

ಮಳೆ ಬರ್ತಿದೆ ಅನ್ನೋಕೆ ‘ಇಟ್ ಈಸ್ ರೈನಿಂಗ್’. ಆ ‘ಇಟ್’ ಯಾರು?

ಯಾರೂ ಅಲ್ಲ. ಇಂಗ್ಲಿಷ್ ವಾಕ್ಯಕ್ಕೆ ಕರ್ತೃವಿನ ಜಾಗ ಖಾಲಿ ಬಿಡುವ ಅಭ್ಯಾಸವಿಲ್ಲ, ಹಾಗಾಗಿ ಅಲ್ಲೊಂದು ಬೆದರುಬೊಂಬೆ ನಿಲ್ಲಿಸುತ್ತದೆ. ಕನ್ನಡದಲ್ಲಿ ಮಳೆಯೇ ಕರ್ತೃ. "ತಡವಾಯ್ತು", "ಚಳಿಯಾಗ್ತಿದೆ", "ಕಷ್ಟ" ಎಂದು ನಾವು ಅರ್ಧಕ್ಕೇ ಮುಗಿಸುವ ಮಾತುಗಳಿಗೆಲ್ಲ ಅಲ್ಲಿ ‘ಇಟ್’ ಬೇಕು.

ಅಪ್ಪನನ್ನ ‘ಹಿ’ ಅನ್ನೋಕೆ ಬಾಯೇ ಬರಲ್ಲ. ‘ದೇ’ ಅಂದ್ರೆ ತಪ್ಪಾ?

"ಅಪ್ಪ ಬಂದ" ಅನ್ನಲು ಹಿಂಜರಿಯುವ ನಾಲಿಗೆ ‘ಹಿ ಕೇಮ್’ ಅನ್ನಲೂ ಹಿಂಜರಿಯುತ್ತದೆ. ಆದರೆ ‘ಹಿ’ ಎಂಬುದು ನಮ್ಮ ‘ಅವನು’ ಅಲ್ಲ, ಅದರಲ್ಲಿ ಮರ್ಯಾದೆಯೂ ಇಲ್ಲ, ಅವಮರ್ಯಾದೆಯೂ ಇಲ್ಲ. ರಾಜನಿಗೂ ‘ಹಿ’, ಕಳ್ಳನಿಗೂ ‘ಹಿ’. ‘ಮೈ ಫಾದರ್, ದೇ ಕೇಮ್’ ಅಂದರೆ ಕೇಳುವವರು ಇನ್ನೊಬ್ಬರು ಯಾರು ಬಂದರು ಅಂತ ಹುಡುಕುತ್ತಾರೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ನಂಬಿಕೆ, ಇಂಗ್ಲಿಷಿನ ‘ಯು’ ಎಂದರೆ ‘ನೀನು’ ಎಂಬುದು. ಅಸಲಿಗೆ ಅದು ‘ನೀವು’. ‘ನೀನು’ ಎನ್ನಲು ‘ದೌ’ ಎಂಬ ಬೇರೆ ಪದವಿತ್ತು, ಆಪ್ತರಿಗೆ, ಕಿರಿಯರಿಗೆ, ದೇವರಿಗೆ. ‘ಯು’ ಬಹುವಚನವಾಗಿತ್ತು, ಆಮೇಲೆ ಮರ್ಯಾದೆಯ ಮಾತಾಯಿತು, ನಮ್ಮ ‘ನೀವು’ ಹಾಗೇ. 17ನೇ ಶತಮಾನದ ಹೊತ್ತಿಗೆ ಜನ ಎಲ್ಲರಿಗೂ ‘ಯು’ ಎನ್ನತೊಡಗಿ ‘ದೌ’ ದಿನಬಳಕೆಯಿಂದ ಮರೆಯಾಗುತ್ತಾ ಬಂತು. ಕುರುಹು ಇನ್ನೂ ಉಳಿದಿದೆ: ಒಬ್ಬರೇ ಇದ್ದರೂ ‘ಯು ಆರ್’ ಅನ್ನುತ್ತೇವೆ, ‘ಯು ಈಸ್’ ಅಲ್ಲ. ಇಂಗ್ಲಿಷಿನಲ್ಲಿ ಮರ್ಯಾದೆ ಇಲ್ಲ ಅಂತ ಮೂಗುಮುರಿಯುವವರಿಗೆ ನಾನು ಹೇಳುವುದು ಇಷ್ಟೇ, ಅವರು ಕೈಬಿಟ್ಟದ್ದು ‘ನೀನು’ವನ್ನು.

"ಆರಂಟ್ ಯು ಕಮಿಂಗ್?" ಅಂದ್ರು. ನಾನು ಬರಲ್ಲ. ‘ಯೆಸ್’ ಅನ್ಲಾ ‘ನೋ’ ಅನ್ಲಾ?

‘ನೋ’. ಇಲ್ಲಿ ಎಡವದ ಕನ್ನಡಿಗರನ್ನು ನಾನು ಕಂಡಿಲ್ಲ. "ನೀವು ಬರಲ್ವಾ?" ಅಂದರೆ ನಾವು "ಹೌದು, ಬರಲ್ಲ" ಅನ್ನುತ್ತೇವೆ. ನಮ್ಮ ‘ಹೌದು’ ಕೇಳಿದವರ ಊಹೆಗೆ ಕೊಡುವ ಒಪ್ಪಿಗೆ, ನೀವು ಅಂದುಕೊಂಡದ್ದು ಸರಿ ಅಂತ. ಇಂಗ್ಲಿಷಿನ ‘ಯೆಸ್’, ‘ನೋ’ಗಳಿಗೆ ಕೇಳಿದವರ ಊಹೆ ಬೇಕಿಲ್ಲ, ನಿಜಸ್ಥಿತಿ ಮಾತ್ರ ಬೇಕು. ಬರುವುದಾದರೆ ‘ಯೆಸ್, ಐ ಆಮ್’. ಬರದಿದ್ದರೆ ‘ನೋ, ಐ ಆಮ್ ನಾಟ್’. ಪ್ರಶ್ನೆಯಲ್ಲಿ ‘ನಾಟ್’ ಇದೆಯೋ ಇಲ್ಲವೋ ಎಂಬುದನ್ನು ಮರೆತುಬಿಡಿ. ಗೊಂದಲವಾದರೆ ಬರೀ ‘ಯೆಸ್’, ‘ನೋ’ಗೆ ನಿಲ್ಲಿಸದೆ ಪೂರ್ತಿ ವಾಕ್ಯ ಹೇಳಿ. ವ್ಯವಹಾರದ ಮಾತಿನಲ್ಲಿ ಈ ಒಂದು ‘ಯೆಸ್’ನಿಂದ ಒಪ್ಪದ್ದನ್ನು ಒಪ್ಪಿದಂತೆ ಆಗಿಬಿಡುತ್ತದೆ.

ಬರೆಯೋದು ಒಂದು, ಓದೋದು ಇನ್ನೊಂದು. ಇಂಗ್ಲಿಷಿನವರಿಗೆ ಬುದ್ಧಿ ಇರ್ಲಿಲ್ವಾ?

ಇತ್ತು, ಗಡಿಯಾರ ಕೈಕೊಟ್ಟಿತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ. ಕಾಗುಣಿತ ನಿಧಾನವಾಗಿ ಅಚ್ಚಿನಲ್ಲಿ ಗಟ್ಟಿಯಾಗತೊಡಗಿದ ಹೊತ್ತಿಗೆ ಸರಿಯಾಗಿ ಜನರ ಬಾಯಲ್ಲಿ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ಒಂದೊಮ್ಮೆ ‘ನೇಮ್’ ಎಂಬುದನ್ನು ಸುಮಾರು ‘ನಾಮ’ ಎಂಬಂತೆ, ‘ಟೈಮ್’ ಅನ್ನು ‘ಟೀಮ’ ಎಂಬಂತೆ, ‘ಹೌಸ್’ ಅನ್ನು ‘ಹೂಸ್’ ಎಂದು ನುಡಿಯುತ್ತಿದ್ದರು. ಬಾಯಿ ಮುಂದೆ ಹೋಯಿತು, ಬರಹ ಅಲ್ಲೇ ನಿಂತಿತು. ‘ನೈಫ್’ (ಚಾಕು), ‘ನೀ’ (ಮೊಣಕಾಲು) ಪದಗಳ ಮುಂದಿರುವ ಮೂಕ ‘ಕೆ’ ಕೂಡ ಆಗ ಕೇಳಿಸುತ್ತಿತ್ತು.

ಎಲ್ಲ ಮೂಕ ಅಕ್ಷರಗಳೂ ಹಾಗಲ್ಲ, ಕೆಲವು ಪಂಡಿತರ ಕೊಡುಗೆ. ಸಾಲ ಎಂಬರ್ಥದ ‘ಡೆಟ್’ನಲ್ಲಿ ‘ಬಿ’ ಎಂದೂ ಕೇಳಿಸುತ್ತಿರಲಿಲ್ಲ, ಲ್ಯಾಟಿನ್ ಮೂಲ ನೆನಪಿಸಲೆಂದು ಅದನ್ನು ಆಮೇಲೆ ತುರುಕಿದರು. ‘ಐಲ್ಯಾಂಡ್’ನ ‘ಎಸ್’ ಅಂತೂ ಬೇರೆ ಪದದ ಜೊತೆ ಗೊಂದಲ ಮಾಡಿಕೊಂಡು ಸೇರಿಸಿದ್ದು. ನೀವು ಬೈಯುತ್ತಿರುವುದು ನ್ಯಾಯವೇ. ಇಪ್ಪತ್ತಾರು ಅಕ್ಷರಗಳಲ್ಲಿ ನಲವತ್ತಕ್ಕೂ ಹೆಚ್ಚು ಸದ್ದುಗಳನ್ನು ಹೊರುವ ಭಾಷೆ ಅದು, ಆಡಿದಂತೆ ಬರೆಯುವ ಲಿಪಿಯಲ್ಲಿ ಬೆಳೆದವರಿಗೆ ತಾಳ್ಮೆ ಬೇಕು.

ಗ್ರಾಮರ್ ಸರಿ ಇದ್ರೂ ನಾನು ಮಾತಾಡಿದ್ರೆ "ಏನಂದ್ರಿ?" ಅಂತಾರೆ. ಎಲ್ಲಿ ತಪ್ಪುತ್ತೆ?

ಮೂರು ಕಡೆ ಹುಡುಕಿ. ಮೊದಲನೆಯದು ಪದದ ಆರಂಭ. "ಎಲ್ಲಿ" ಎಂದು ಬರೆದು "ಯೆಲ್ಲಿ" ಎಂದು ನುಡಿಯುವ, "ಒಂದು" ಎಂದು ಬರೆದು "ವೊಂದು" ಅನ್ನುವ ನಮ್ಮ ರೂಢಿ ‘ಎಗ್’ ಅನ್ನು ‘ಯೆಗ್’, ‘ಓನ್ಲಿ’ಯನ್ನು ‘ವೋನ್ಲಿ’ ಮಾಡುತ್ತದೆ. ಎರಡನೆಯದು ‘ವ’. ನಮ್ಮ ಒಂದೇ ‘ವ’ ಅಲ್ಲಿನ ಎರಡು ಸದ್ದುಗಳ ಕೆಲಸ ಮಾಡುತ್ತದೆ. ‘ವೆಸ್ಟ್’ ಎಂದರೆ ಒಳಅಂಗಿಯೂ ಆಗಬಹುದು, ಪಶ್ಚಿಮವೂ ಆಗಬಹುದು. ಅಂಗಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ, ಪಶ್ಚಿಮಕ್ಕೆ ತುಟಿ ದುಂಡಗಾಗಲಿ, ಹಲ್ಲು ತಾಗುವುದು ಬೇಡ.

ಮೂರನೆಯದು ಒತ್ತು, ನನ್ನ ಮಟ್ಟಿಗೆ ಇದೇ ದೊಡ್ಡದು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಪಾಲು. ಇಂಗ್ಲಿಷಿನಲ್ಲಿ ಒಂದಕ್ಕೆ ಎಲ್ಲ ಬಲ ಕೊಟ್ಟು ಉಳಿದವನ್ನು ನುಂಗುತ್ತಾರೆ. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲ ತುಂಡಿಗೆ, ‘ಫೊಟಾಗ್ರಫರ್’ನಲ್ಲಿ ಎರಡನೆಯದಕ್ಕೆ, ‘ಫೋಟೊಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ಹೊಸ ಪದ ಕಲಿಯುವಾಗ ಅರ್ಥದ ಜೊತೆಗೆ ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

## ಸ್ವಲ್ಪ ಪಳಗಿದ ಮೇಲೆ

‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಂದ್ರೆ ನಕ್ಕರು. ಎಲ್ಲಿ ‘ಇಂಗ್’ ಹಾಕ್ಬೇಕು, ಎಲ್ಲಿ ಹಾಕ್ಬಾರದು?

ವ್ಯಾಕರಣ ಪುಸ್ತಕಗಳು ಇದಕ್ಕೆ ಉದ್ದನೆಯ ಪಟ್ಟಿ ಕೊಡುತ್ತವೆ: ನೋ (ಗೊತ್ತಿರುವುದು), ವಾಂಟ್, ಲೈಕ್, ಅಂಡರ್‌ಸ್ಟ್ಯಾಂಡ್, ರಿಮೆಂಬರ್, ನೀಡ್, ಹ್ಯಾವ್. ಇವು ಕೆಲಸವಲ್ಲ, ಸ್ಥಿತಿ, ಆದ್ದರಿಂದ ‘ಇಂಗ್’ ಬೇಡ ಅಂತ. ನಾನೂ ವರ್ಷಗಟ್ಟಲೆ ಆ ಪಟ್ಟಿಯನ್ನೇ ಉರುಹೊಡೆಸಿದೆ. ಆಮೇಲೆ ಒಂದು ದಿನ ಪಟ್ಟಿಯ ಪಕ್ಕದಲ್ಲಿ ಕನ್ನಡ ಬರೆದು ನೋಡಿದೆ: ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ಅರ್ಥವಾಗುತ್ತೆ. ನನಗೆ ನೆನಪಿದೆ. ನನಗೆ ಇಬ್ಬರು ತಮ್ಮಂದಿರಿದ್ದಾರೆ.

ಎಲ್ಲದರಲ್ಲೂ ‘ನನಗೆ’! ನಾವು ಮಾಡುವ ಕೆಲಸಕ್ಕೆ ಕನ್ನಡ ‘ನಾನು’ ಅನ್ನುತ್ತದೆ, ನಮಗೆ ಆಗುವುದಕ್ಕೆ, ನಮ್ಮಲ್ಲಿ ಇರುವುದಕ್ಕೆ ‘ನನಗೆ’ ಅನ್ನುತ್ತದೆ. ಇಂಗ್ಲಿಷ್ ಎರಡಕ್ಕೂ ‘ಐ’ ಅಂದು, ಆ ವ್ಯತ್ಯಾಸವನ್ನು ‘ಇಂಗ್’ ಬಿಡುವುದರಲ್ಲಿ ತೋರಿಸುತ್ತದೆ. ಹಾಗಾಗಿ ಕನ್ನಡದಲ್ಲಿ ‘ನನಗೆ’ ಬಂದರೆ ‘ಇಂಗ್’ ಹಾಕುವ ಮುಂಚೆ ಒಂದು ಕ್ಷಣ ನಿಲ್ಲಿ. ಇದು ಹತ್ತಕ್ಕೆ ಹತ್ತೂ ಸಲ ಹೊಂದುವುದಿಲ್ಲ, ‘ನನಗೆ ನಿದ್ದೆ ಬರ್ತಿದೆ’ ಎನ್ನಲು ‘ಐ ಆಮ್ ಫೀಲಿಂಗ್ ಸ್ಲೀಪಿ’ ಸರಿಯಾಗಿಯೇ ಇದೆ. ‘ಹ್ಯಾವಿಂಗ್ ಎ ಬಾತ್’ ಕೂಡ ಸರಿ, ಸ್ನಾನ ನಾವು ಮಾಡುವ ಕೆಲಸ. ತಮ್ಮಂದಿರು ಸುಮ್ಮನೆ ಇದ್ದಾರೆ.

‘ಐ ಸಾ’ ಮತ್ತು ‘ಐ ಹ್ಯಾವ್ ಸೀನ್’. ಎರಡೂ ನೋಡಿದ್ದೇ ತಾನೆ?

"ನೋಡಿದೆ" ಮತ್ತು "ನೋಡಿದ್ದೇನೆ" ಕೂಡ ಎರಡೂ ನೋಡಿದ್ದೇ. ಆದರೂ "ಆ ಊರನ್ನು ನೋಡಿದ್ದೀರಾ?" ಎಂದು ಕೇಳುವಾಗ ನಿಮಗೆ ನೋಡಿದ ದಿನ ಬೇಕಿಲ್ಲ, ಈಗ ಆ ಅನುಭವ ಇದೆಯಾ ಎಂಬುದು ಬೇಕು. ‘ಹ್ಯಾವ್ ಸೀನ್’ ಅದೇ. ತೊಂದರೆ ಬರುವುದು ಮುಂದಿನ ಹೆಜ್ಜೆಯಲ್ಲಿ. "ನಿನ್ನೆ ನೋಡಿದ್ದೇನೆ" ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು, ‘ಐ ಹ್ಯಾವ್ ಸೀನ್ ಇಟ್ ಯೆಸ್ಟರ್‌ಡೇ’ ಆಗುವುದಿಲ್ಲ. ನಿನ್ನೆ, ಹೋದ ವಾರ, 2010ರಲ್ಲಿ ಎಂದು ಮುಗಿದ ಕಾಲವನ್ನು ಹೆಸರಿಸಿದ ಕೂಡಲೇ ‘ಹ್ಯಾವ್’ ಬಿಟ್ಟು ‘ಸಾ’ಗೆ ಬನ್ನಿ.

‘ಸಿನ್ಸ್’, ‘ಫಾರ್’ ಗೋಜಲೂ ಇಲ್ಲೇ ಇದೆ. "2019ರಿಂದ", "ಐದು ವರ್ಷದಿಂದ" ಎರಡಕ್ಕೂ ನಮ್ಮದು ‘ಇಂದ’. ಶುರುವಾದ ಬಿಂದುವಿಗೆ ‘ಸಿನ್ಸ್’, ಕಳೆದ ಅಳತೆಗೆ ‘ಫಾರ್’. ಎರಡರ ಜೊತೆಗೂ, ಇನ್ನೂ ನಡೆಯುತ್ತಿರುವ ಸಂಗತಿಗೆ, ‘ಹ್ಯಾವ್ ಬೀನ್’ ಬೇಕು: ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಸಿನ್ಸ್ 2019’.

ಅಡ್ವೈಸ್‌ಗೆ ‘ಎಸ್’ ಹಾಕಿದ್ರೆ ಯಾಕೆ ತಪ್ಪು? ಸಲಹೆಗಳು ಅಂತೀವಲ್ಲ?

ಇಂಗ್ಲಿಷ್ ಕೆಲವು ವಸ್ತುಗಳನ್ನು ನೀರಿನ ಹಾಗೆ ನೋಡುತ್ತದೆ, ಎಣಿಸುವುದಿಲ್ಲ, ಅಳೆಯುತ್ತದೆ. ಅಡ್ವೈಸ್, ಇನ್ಫರ್ಮೇಷನ್, ಫರ್ನಿಚರ್, ಲಗೇಜ್, ಎಕ್ವಿಪ್‌ಮೆಂಟ್ ಆ ಜಾತಿ. ಎಣಿಸಲೇಬೇಕಾದರೆ ‘ಎ ಪೀಸ್ ಆಫ್ ಅಡ್ವೈಸ್’. ತರ್ಕ ಹುಡುಕಬೇಡಿ. ಕುರ್ಚಿ ಎಣಿಸಬಹುದು, ಮೇಜು ಎಣಿಸಬಹುದು, ಎರಡೂ ಸೇರಿದ ಫರ್ನಿಚರ್ ಮಾತ್ರ ಎಣಿಸಬಾರದು ಅಂದರೆ ಏನು ಹೇಳೋಣ.

‘ಡಿಸ್ಕಸ್ ಅಬೌಟ್’ ತಪ್ಪು ಅಂತಾರೆ, ‘ಟಾಕ್ ಅಬೌಟ್’ ಸರಿ ಅಂತಾರೆ. ಪ್ರಿಪೊಸಿಶನ್‌ಗೆ ನಿಯಮ ಇದೆಯಾ?

‘ಡಿಸ್ಕಸ್’ನೊಳಗೇ ‘ಬಗ್ಗೆ’ ಸೇರಿಕೊಂಡಿದೆ. ‘ಎಂಟರ್’ನಲ್ಲಿ ‘ಒಳಗೆ’, ‘ರಿಟರ್ನ್’ನಲ್ಲಿ ‘ವಾಪಸ್’ ಇರುವ ಹಾಗೆ. ಉಳಿದಂತೆ ಆನ್, ಇನ್, ಅಬೌಟ್‌ನಂಥ ಈ ಪ್ರಿಪೊಸಿಶನ್‌ಗಳು ನಮ್ಮ ವಿಭಕ್ತಿಗಳ ಹಾಗೆ, ಪದದ ಜೊತೆಗೇ ಕಲಿಯಬೇಕು. ನಿಯಮದಂತೆ ತೋರುವುದು ಅಲ್ಲೊಂದು ಇಲ್ಲೊಂದು. ವಾಹನದೊಳಗೆ ಎದ್ದು ನಡೆದಾಡಬಹುದಾದರೆ ‘ಆನ್’: ಆನ್ ದ ಬಸ್, ಆನ್ ದ ಟ್ರೇನ್. ಮುದುರಿ ಕೂರಬೇಕಾದರೆ ‘ಇನ್’: ಇನ್ ದ ಕಾರ್.

ಮಾತಿನ ಕೊನೆಗೆ ‘ಅಲ್ವಾ’ ಅನ್ನೋಕೆ ಎಲ್ಲ ಕಡೆ ‘ಈಸಂಟ್ ಇಟ್’ ಸಾಲದಾ?

ಬರವಣಿಗೆಗೆ, ಪರೀಕ್ಷೆಗೆ ಸಾಲದು. ‘ಯು ಆರ್ ಕಮಿಂಗ್, ಆರಂಟ್ ಯು?’, ‘ಶಿ ಸಿಂಗ್ಸ್, ಡಸಂಟ್ ಶಿ?’ ಎಂದು ಪ್ರತಿ ವಾಕ್ಯಕ್ಕೂ ಹೊಸ ಬಾಲ ಹೊಲಿಯಬೇಕು. ಒಂದೇ ಬಾಲ ಎಲ್ಲಕ್ಕೂ ಅಂಟಿಸುವ ಜಾಣತನ ನಮ್ಮೊಬ್ಬರದೇ ಅಲ್ಲ, ಫ್ರೆಂಚರದ್ದೂ ಹಾಗೇ. ಲಂಡನ್ನಿನ ಹುಡುಗರು ‘ಇನ್ನಿಟ್’ ಎಂದು ಮಾಡುವುದೂ ಅದನ್ನೇ. ಬಾಲ ನೆನಪಾಗದಿದ್ದರೆ ‘ರೈಟ್?’ ಅಂದುಬಿಡಿ, ಮಾತಿನಲ್ಲಿ ಯಾರೂ ತಕರಾರು ಮಾಡುವುದಿಲ್ಲ.

‘ಪುಟ್ ಆಫ್’, ‘ಪುಟ್ ಔಟ್’, ‘ಪುಟ್ ಅಪ್ ವಿತ್’... ಒಂದಕ್ಕೂ ‘ಇಡು’ ಅನ್ನೋ ಅರ್ಥ ಇಲ್ಲ. ಹೇಗೆ ನೆನಪಿಡೋದು?

"ತಿಂದುಬಿಟ್ಟ" ಎಂಬುದರಲ್ಲಿ ಯಾರು ಏನನ್ನು ಬಿಟ್ಟರು? "ಬರೆದುಹಾಕಿದ" ಎಂಬಲ್ಲಿ ಹಾಕಿದ್ದೇನು? "ಸಹಿಸಿಕೊಂಡ" ಎಂಬಲ್ಲಿ ಕೊಂಡದ್ದೇನು? ಕನ್ನಡ ಕಲಿಯುವ ಹೊರಗಿನವರು ಇದೇ ಪ್ರಶ್ನೆ ಕೇಳಿ ತಲೆ ಚಚ್ಚಿಕೊಳ್ಳುತ್ತಾರೆ. ನಾವು ಕ್ರಿಯಾಪದದ ಹಿಂದೆ ಇನ್ನೊಂದು ಕ್ರಿಯಾಪದ ಕಟ್ಟಿ ಬಣ್ಣ ಬದಲಿಸುತ್ತೇವೆ, ಅವರು ಅಪ್, ಆಫ್, ಔಟ್ ಕಟ್ಟುತ್ತಾರೆ. ‘ಈಟ್ ಅಪ್’, ‘ಯೂಸ್ ಅಪ್’, ‘ಡ್ರಿಂಕ್ ಅಪ್’ಗಳಲ್ಲಿರುವ ‘ಅಪ್’ ನಮ್ಮ ‘ಬಿಡು’ವಿನ ಅಣ್ಣತಮ್ಮ. ಒಂದಿಷ್ಟೂ ಉಳಿಸದೆ ಮುಗಿಸುವುದು ಅಂತ. ಮನೆ ಸುಟ್ಟುಹೋದರೆ ‘ಬರ್ನ್ ಡೌನ್’, ಕಾಗದ ಸುಟ್ಟುಹೋದರೆ ‘ಬರ್ನ್ ಅಪ್’. ಮೇಲೆ ಕೆಳಗೆ ಅಂತ ನೋಡಿದರೆ ಕೆಟ್ಟಿರಿ.

ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ಓದುವಾಗ ಸಿಕ್ಕ ವಾಕ್ಯವನ್ನೇ ಬರೆದಿಟ್ಟುಕೊಳ್ಳಿ. ಒಂದು ನಿಯಮ ಮಾತ್ರ ಗಟ್ಟಿ ಮಾಡಿಕೊಳ್ಳಿ: ‘ಟರ್ನ್ ಆಫ್’ನಂಥ ಬಿಡಿಸಬಹುದಾದ ಜೋಡಿಗಳಲ್ಲಿ ಸರ್ವನಾಮ ಬಂದರೆ ಅದು ನಡುವೆ ಕೂರಬೇಕು. ‘ಟರ್ನ್ ಇಟ್ ಆಫ್’ ಸರಿ, ‘ಟರ್ನ್ ಆಫ್ ಇಟ್’ ಅಲ್ಲ.

## ನಡೆನುಡಿ

‘ಹೌ ಆರ್ ಯು’ ಅಂತ ಕೇಳ್ತಾರೆ, ಉತ್ತರ ಕೇಳೋಕೂ ನಿಲ್ಲದೆ ಹೋಗ್ತಾರೆ. ಇದೇನು ಸೊಕ್ಕಾ?

"ಏನ್ ಸಮಾಚಾರ?" ಎಂದವರಿಗೆ ನೀವು ಸಮಾಚಾರ ಓದಿ ಹೇಳುತ್ತೀರಾ? ಇದೂ ಹಾಗೇ, ನಮಸ್ಕಾರದ ಬದಲಿ. ‘ಫೈನ್, ಥ್ಯಾಂಕ್ಸ್, ಆ್ಯಂಡ್ ಯು?’ ಸಾಕು. ಬ್ರಿಟನ್ನಿನಲ್ಲಿ ‘ಯು ಆಲ್‌ರೈಟ್?’ ಅಂದರೆ ಮುಖ ಬಾಡಿದೆಯೇನೋ ಅಂತ ಕನ್ನಡಿ ನೋಡಿಕೊಳ್ಳಬೇಡಿ, ಅದೂ ಬರೀ ನಮಸ್ಕಾರ.

ಮಾತು ಮಾತಿಗೂ ಪ್ಲೀಸ್, ಥ್ಯಾಂಕ್ಯೂ, ಸಾರಿ. ನಾಟಕ ಅನ್ಸಲ್ವಾ?

ನಮಗೆ ನಾಟಕ ಅನ್ನಿಸುವುದು ಸಹಜ, ‘ದಯವಿಟ್ಟು’ ಎಂಬುದನ್ನು ನಾವು ಸೂಚನಾಫಲಕಕ್ಕೂ ವೇದಿಕೆಗೂ ಮೀಸಲಿಟ್ಟಿದ್ದೇವೆ. ಆದರೆ ನಮ್ಮ ಮಾತಿನಲ್ಲಿ ‘ಪ್ಲೀಸ್’ ಇಲ್ಲವೆಂದಲ್ಲ. ‘ಕೊಡು’ ಎಂಬುದು ‘ಕೊಡಿ’ ಆದಾಗ, ‘ಕೊಡ್ತೀರಾ’ ಆದಾಗ, ‘ಸ್ವಲ್ಪ ಕೊಡ್ತೀರಾ’ ಆದಾಗ ವಿನಯ ಏರುತ್ತಾ ಹೋಗುತ್ತದೆ. ಇಂಗ್ಲಿಷಿನ ‘ಗಿವ್’ಗೆ ಅಂಥ ಪ್ರತ್ಯಯವಿಲ್ಲ, ಬರೀ ‘ಗಿವ್ ಮಿ ದ ಪೆನ್’ ಅಪ್ಪಣೆಯೇ. ಹಾಗಾಗಿ ವಿನಯವನ್ನು ಹೊರಗಿನಿಂದ ತಂದು ಹಚ್ಚಬೇಕು, ‘ಪ್ಲೀಸ್’ ಹಚ್ಚಬೇಕು, ‘ಕುಡ್ ಯು’ ಎಂದು ಪ್ರಶ್ನೆಯಾಗಿಸಬೇಕು.

‘ಸಾರಿ’ಯಲ್ಲಿ ಯಾವಾಗಲೂ ತಪ್ಪೊಪ್ಪಿಗೆ ಇರುವುದಿಲ್ಲ. ಕೇಳಿಸಲಿಲ್ಲ ಅನ್ನಲೂ ಅದೇ, ಸಾವಿನ ಸುದ್ದಿಗೂ ‘ಐ ಆಮ್ ಸಾರಿ’ಯೇ. ಇನ್ನೊಂದು ಬಲೆ ಇದೆ. ‘ವುಡ್ ಯು ಮೈಂಡ್ ಓಪನಿಂಗ್ ದ ವಿಂಡೋ?’ ಎಂದರೆ "ಕಿಟಕಿ ತೆಗೆಯಲು ನಿಮ್ಮ ಅಭ್ಯಂತರ ಇದೆಯಾ?" ಅಂತ. ತೆಗೆಯಲು ಸಿದ್ಧರಿದ್ದರೆ ಉತ್ತರ ‘ನಾಟ್ ಅಟ್ ಆಲ್’. ‘ಯೆಸ್’ ಅಂದು ಎದ್ದುಹೋಗಿ ಕಿಟಕಿ ತೆಗೆದರೆ ಅವರು ಗೊಂದಲಕ್ಕೆ ಬೀಳುತ್ತಾರೆ.

ಹಿರಿಯರನ್ನ ಹೆಸರು ಹಿಡಿದು ಕರೆಯೋಕೆ ಆಗಲ್ಲ. ‘ಮಿಸ್ಟರ್ ಜಾನ್’ ಅಂದ್ರೆ ಸರಿಹೋಗುತ್ತಾ?

‘ಮಿಸ್ಟರ್’ ನಿಲ್ಲುವುದು ಮನೆತನದ ಹೆಸರಿನ ಮುಂದೆ. ಜಾನ್ ಸ್ಮಿತ್ ಎಂಬವರು ‘ಮಿಸ್ಟರ್ ಸ್ಮಿತ್’. ಮಹಿಳೆಯರಿಗೆ ಮದುವೆಯ ವಿಚಾರ ಎಳೆಯದ ‘ಮಿಝ್’ ಸುರಕ್ಷಿತ. ‘ಸರ್’ ಪದವಿ ಇದಕ್ಕೆ ತದ್ವಿರುದ್ಧ, ಅದು ಸ್ವಂತ ಹೆಸರಿಗೆ ಅಂಟುತ್ತದೆ. 1705ರಲ್ಲಿ ಆ ಪದವಿ ಪಡೆದ ನ್ಯೂಟನ್ ‘ಸರ್ ಐಸಾಕ್’ ಆದರು, ‘ಸರ್ ನ್ಯೂಟನ್’ ಅಲ್ಲ. ಜಾನ್ ಸ್ಮಿತ್ ಅವರೇ ‘ಕಾಲ್ ಮಿ ಜಾನ್’ ಅಂದಮೇಲೆ ಜಾನ್ ಅನ್ನಲೇಬೇಕು. ಆಮೇಲೂ ‘ಸರ್, ಸರ್’ ಅಂದರೆ ಅವರನ್ನು ದೂರ ತಳ್ಳಿದ ಹಾಗಾಗುತ್ತದೆ.

ಪತ್ರದ ಆರಂಭದ ‘ಡಿಯರ್’ಗೆ ಪ್ರೀತಿಯ ನಂಟಿಲ್ಲ, ಬ್ಯಾಂಕಿನವರೂ ಬಾಕಿ ಕೇಳುವಾಗ ‘ಡಿಯರ್’ ಅನ್ನುತ್ತಾರೆ. ಬ್ರಿಟಿಷ್ ರೂಢಿಯಲ್ಲಿ ಹೆಸರು ಗೊತ್ತಿಲ್ಲದೆ ‘ಡಿಯರ್ ಸರ್’ ಎಂದು ಶುರುಮಾಡಿದರೆ ಕೊನೆಗೆ ‘ಯುವರ್ಸ್ ಫೇತ್‌ಫುಲಿ’, ಹೆಸರು ಬರೆದಿದ್ದರೆ ‘ಯುವರ್ಸ್ ಸಿನ್ಸಿಯರ್ಲಿ’.

ಚಿಕ್ಕಪ್ಪ, ದೊಡ್ಡಪ್ಪ, ಮಾವ ಎಲ್ಲರೂ ‘ಅಂಕಲ್’ ಆದ್ರೆ ಗೊತ್ತಾಗೋದು ಹೇಗೆ?

ಗೊತ್ತಾಗುವುದಿಲ್ಲ. ಬೇಕಿದ್ದರೆ ‘ಮೈ ಫಾದರ್ಸ್ ಯಂಗರ್ ಬ್ರದರ್’ ಎಂದು ಬಿಡಿಸಿ ಹೇಳಬೇಕು. ಷಡ್ಡಕನಿಗಂತೂ ಪದವೇ ಇಲ್ಲ. ಚಿಕ್ಕಪ್ಪನ ಮಗ ‘ಕಸಿನ್’ ಅಷ್ಟೇ, ‘ಕಸಿನ್ ಬ್ರದರ್’ ಅಂದರೆ ಹೊರಗಿನವರಿಗೆ ವಿಚಿತ್ರವಾಗಿ ಕೇಳುತ್ತದೆ.

ಬ್ರಿಟಿಷ್ ಕಲೀಲಾ, ಅಮೆರಿಕನ್ ಕಲೀಲಾ?

ಯಾವುದಾದರೂ ಸರಿ, ಒಂದು ಬರಹದಲ್ಲಿ ಎರಡನ್ನೂ ಕಲಸಬೇಡಿ. ಅಮೆರಿಕದ ಕಾಗುಣಿತ ಬೇರೆಯಾದದ್ದರಲ್ಲಿ 1828ರಲ್ಲಿ ದೊಡ್ಡ ನಿಘಂಟು ಹೊರತಂದ ನೋವಾ ವೆಬ್‌ಸ್ಟರ್ ಪಾತ್ರ ದೊಡ್ಡದು. ಕಾಗುಣಿತ ತಪ್ಪಿದರೆ ಯಾರಿಗೂ ನಷ್ಟವಿಲ್ಲ, ಅರ್ಥ ತಪ್ಪಿದರೆ ಇದೆ. 4/7 ಎಂದರೆ ಬ್ರಿಟನ್ನಿನಲ್ಲಿ ಜುಲೈ 4, ಅಮೆರಿಕದಲ್ಲಿ ಏಪ್ರಿಲ್ 7. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಜಗಳವಿಲ್ಲ. ಬ್ರಿಟನ್ನಿನ ‘ಫಸ್ಟ್ ಫ್ಲೋರ್’ ಒಂದು ಮೆಟ್ಟಿಲುಸಾಲು ಹತ್ತಿದ ಮೇಲೆ ಸಿಗುತ್ತದೆ, ಅಮೆರಿಕದ್ದು ಸಾಮಾನ್ಯವಾಗಿ ನೆಲಮಟ್ಟದಲ್ಲೇ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಎಂದರೆ ಬ್ರಿಟಿಷರಿಗೆ ಚರ್ಚೆಗೆ ತನ್ನಿ ಎಂದರ್ಥ, ಅಮೆರಿಕನ್ನರಿಗೆ ಸದ್ಯಕ್ಕೆ ಬದಿಗಿಡಿ ಎಂದು.

ನನ್ನ ಕೆಲಸ ನೋಡಿ ‘ಇಂಟರೆಸ್ಟಿಂಗ್’ ಅಂದ್ರು. ಹೊಗಳಿದ್ರಾ?

ದನಿ ಕೇಳಬೇಕಿತ್ತು. ಬ್ರಿಟಿಷರಲ್ಲಿ ಮಾತನ್ನು ತಗ್ಗಿಸಿ ಆಡುವ ರೂಢಿ ಹೆಚ್ಚು. ‘ನಾಟ್ ಬ್ಯಾಡ್’ ಒಳ್ಳೆಯ ಹೊಗಳಿಕೆಯೇ ಇರಬಹುದು. ‘ಕ್ವೈಟ್ ಗುಡ್’ ಅಮೆರಿಕನ್ನರ ಬಾಯಲ್ಲಿ ತುಂಬಾ ಚೆನ್ನಾಗಿದೆ, ಬ್ರಿಟಿಷರ ಬಾಯಲ್ಲಿ ಎಷ್ಟೋ ಸಲ ಪರವಾಗಿಲ್ಲ ಅಷ್ಟೇ. ‘ವಿತ್ ರೆಸ್ಪೆಕ್ಟ್’ ಎಂದು ಶುರುವಾದರೆ ಮುಂದೆ ಬರುವುದು ಭಿನ್ನಾಭಿಪ್ರಾಯ. ‘ಇಂಟರೆಸ್ಟಿಂಗ್’ ಆದಮೇಲೆ ಅವರು ಪ್ರಶ್ನೆ ಕೇಳಿದರೆ ನಿಜವಾಗಿ ಇಷ್ಟವಾಗಿದೆ, ಮಾತು ಬೇರೆ ಕಡೆ ತಿರುಗಿದರೆ ಇಲ್ಲ.

## ಇನ್ನಷ್ಟು ಒಳಕ್ಕೆ

‘ಇಫ್ ಐ ವರ್ ಯು’. ‘ಐ’ ಜೊತೆ ‘ವರ್’ ಯಾಕೆ? ಅದೂ ನಡೆದುಹೋಗದ ಮಾತಿಗೆ ಭೂತಕಾಲ ಯಾಕೆ?

"ನಾಳೆ ಮಳೆ ಬಂದರೆ" ಅನ್ನುತ್ತೀರಿ. ‘ಬಂದ’ ಎಂಬುದು ಭೂತಕಾಲದ ರೂಪ, ಮಳೆ ಬರುವುದು ನಾಳೆ! ನಮ್ಮ ‘-ರೆ’ ಹತ್ತುವುದೇ ಭೂತರೂಪದ ಮೇಲೆ: ಹೋದರೆ, ಕೊಟ್ಟರೆ, ಇದ್ದರೆ. ಯಾವ ಕನ್ನಡಿಗರೂ ಇದಕ್ಕೆ ತಲೆ ಕೆಡಿಸಿಕೊಂಡದ್ದಿಲ್ಲ.

ಇಂಗ್ಲಿಷಿನ ಭೂತರೂಪಕ್ಕೆ ‘ದೂರ’ ಎಂದು ಅರ್ಥ ಮಾಡಿಕೊಂಡರೆ ಅರ್ಧ ಗಂಟು ಬಿಚ್ಚುತ್ತದೆ. ಕಾಲದಲ್ಲಿ ದೂರವಾದರೆ ‘ಐ ವೆಂಟ್’. ನಿಜದಿಂದ ದೂರವಾದರೆ ‘ಇಫ್ ಐ ವೆಂಟ್’, ಹೋಗುವ ಸಂಭವ ಕಡಿಮೆ. ಎದುರಿಗಿರುವವರಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತರೆ ವಿನಯ: ‘ಕ್ಯಾನ್ ಯು’ ಹೋಗಿ ‘ಕುಡ್ ಯು’, ‘ಐ ವಾಂಟ್ ಟು ಆಸ್ಕ್’ ಹೋಗಿ ‘ಐ ವಾಂಟೆಡ್ ಟು ಆಸ್ಕ್’. ಕೇಳಬೇಕಾದ್ದು ಈಗಲೇ, ಆದರೂ ಭೂತಕಾಲ.

ಷರತ್ತಿನ ಮೂರು ಮೆಟ್ಟಿಲುಗಳೂ ಈ ದೂರದ ಮೇಲೇ ನಿಂತಿವೆ. ‘ಇಫ್ ಇಟ್ ರೇನ್ಸ್, ಐ ವಿಲ್ ಸ್ಟೇ’ ಎಂದರೆ ಬರಬಹುದು. ‘ಇಫ್ ಇಟ್ ರೇನ್ಡ್, ಐ ವುಡ್ ಸ್ಟೇ’ ಎಂದರೆ ಬರುವ ಲಕ್ಷಣವಿಲ್ಲ, ಸುಮ್ಮನೆ ಊಹೆ. ‘ಇಫ್ ಇಟ್ ಹ್ಯಾಡ್ ರೇನ್ಡ್, ಐ ವುಡ್ ಹ್ಯಾವ್ ಸ್ಟೇಯ್ಡ್’ ಎಂದರೆ ಮುಗಿದ ಕಥೆ, ಬರಲಿಲ್ಲ. ಮೊದಲೆರಡನ್ನೂ ಕನ್ನಡ ‘ಬಂದರೆ’ ಒಂದರಲ್ಲೇ ಮುಗಿಸುತ್ತದೆ, ಎಡವುವುದು ಅಲ್ಲೇ. ಮೂರನೆಯದಕ್ಕೆ ನಮ್ಮಲ್ಲೂ ‘ಬಂದಿದ್ದರೆ’ ಇದೆ. ‘ಇಫ್’ ಜೊತೆ ‘ವಿಲ್’ ಮಾತ್ರ ಸಾಮಾನ್ಯವಾಗಿ ಬೇಡ.

‘ವರ್’ ಹಳೆಯದೊಂದು ಊಹಾರೂಪದ ಉಳಿಕೆ. ಮಾತಿನಲ್ಲಿ ಬಹಳ ಜನ ‘ಇಫ್ ಐ ವಾಸ್’ ಅನ್ನುತ್ತಾರೆ, ಬರೆಯುವಾಗ ‘ವರ್’ ಇಟ್ಟುಕೊಳ್ಳಿ.

‘ಹಿ ಟೋಲ್ಡ್ ದಟ್ ಐ ವಿಲ್ ಕಮ್’ ಅಂತ ಬರೆದೆ. ನನ್ನನ್ನೇ ಯಾಕೆ ಕಾಯ್ತಾ ಕೂತ್ರು?

ಅಲ್ಲಿರುವ ‘ಐ’ ನೀವೇ ಆಗಿಬಿಟ್ಟಿರಿ. "ನಾನು ಬರ್ತೀನಿ ಅಂತ ಅವನು ಹೇಳಿದ" ಎನ್ನುವಾಗ ನಮ್ಮ ‘ಅಂತ’ ಅವನ ಮಾತನ್ನು ಇದ್ದಹಾಗೇ ಎತ್ತಿ ತಂದು ಇಡುತ್ತದೆ, ‘ನಾನು’ ಅವನೇ ಎಂದು ಎಲ್ಲರಿಗೂ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಉದ್ಧರಣ ಚಿಹ್ನೆ ಹಾಕದಿದ್ದರೆ ಅವನ ಮಾತನ್ನು ನೀವು ನಿಂತ ಜಾಗದಿಂದ ಹೇಳಬೇಕು. ‘ನಾನು’ ಹೋಗಿ ‘ಅವನು’, ‘ವಿಲ್’ ಹೋಗಿ ‘ವುಡ್’: ‘ಹಿ ಸೆಡ್ ಹಿ ವುಡ್ ಕಮ್’. ‘ಟೋಲ್ಡ್’ ಬೇಕೆಂದರೆ ಯಾರಿಗೆ ಎಂಬುದು ಜೊತೆಗಿರಬೇಕು, ‘ಹಿ ಟೋಲ್ಡ್ ಮಿ’. ಪ್ರಶ್ನೆಯೂ ಒಳಗೆ ಸೇರಿದಾಗ ನೆಟ್ಟಗಾಗುತ್ತದೆ: ‘ಐ ಆಸ್ಕ್ಡ್ ವೇರ್ ಹಿ ವಾಸ್’, ‘ವೇರ್ ವಾಸ್ ಹಿ’ ಅಲ್ಲ.

ಒಬ್ಬರಿಗೇ ‘ದೇ’ ಅಂತ ಬರೀತಾರೆ, ವಾಕ್ಯದ ಕೊನೆಗೆ ಪ್ರಿಪೊಸಿಶನ್ ಬಿಡ್ತಾರೆ. ನಾವು ಓದಿದ್ದೆಲ್ಲ ಸುಳ್ಳಾ?

ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ ‘ದೇ’ ಎನ್ನುವುದು 14ನೇ ಶತಮಾನದಿಂದ ಬರಹದಲ್ಲಿದೆ. ‘ಸಮ್‌ವನ್ ಹ್ಯಾಸ್ ಲೆಫ್ಟ್ ದೇರ್ ಬ್ಯಾಗ್’ ಎಂದು ಎಲ್ಲರೂ ಅನ್ನುತ್ತಾರೆ. ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು 2019ರ ವರ್ಷದ ಪದವಾಗಿ ಆರಿಸಿದ್ದೂ ‘ದೇ’ಯನ್ನೇ. ಹೆಸರು, ಗುರುತು ಗೊತ್ತಿರುವ ನಿಮ್ಮ ಅಪ್ಪನಿಗೆ ಮರ್ಯಾದೆಗಾಗಿ ‘ದೇ’ ಹಾಕಲು ಮಾತ್ರ ಇದರಿಂದ ಪರವಾನಗಿ ಸಿಗುವುದಿಲ್ಲ.

ಕೊನೆಯ ಪ್ರಿಪೊಸಿಶನ್ ಮೇಲಿನ ಕೋಪ 17ನೇ ಶತಮಾನದ ಕವಿ ಜಾನ್ ಡ್ರೈಡನ್ ಕಾಲದಿಂದ ಇದೆ. ಲ್ಯಾಟಿನ್‌ನ ಅಚ್ಚಿಗೆ ಇಂಗ್ಲಿಷನ್ನು ಬಗ್ಗಿಸುವ ಹುಮ್ಮಸ್ಸು ಅಂದು ಜೋರಾಗಿತ್ತು. ‘ಹೂ ಆರ್ ಯು ಟಾಕಿಂಗ್ ಟು?’ ಸಹಜವಾದ ಇಂಗ್ಲಿಷ್. ಪರೀಕ್ಷೆಯಲ್ಲಿ ತಿದ್ದುವವರು ಹಳಬರಾಗಿದ್ದರೆ ಎಂಬ ಭಯವಿದ್ದರೆ ತಿರುಗಿಸಿ ಬರೆಯಿರಿ.

‘ಡೂ ದ ನೀಡ್‌ಫುಲ್’, ‘ಪ್ರಿಪೋನ್’ ಇವೆಲ್ಲ ತಪ್ಪು ಇಂಗ್ಲಿಷಾ?

ಓದುವವರು ಯಾರು ಎಂಬುದನ್ನು ನೋಡಿ. ‘ಡೂ ದ ನೀಡ್‌ಫುಲ್’ ಹಿಂದೆ ಬ್ರಿಟಿಷರೇ ಬರೆಯುತ್ತಿದ್ದ ಮಾತು. ಅಲ್ಲಿ ಹಳತಾಯಿತು, ನಮ್ಮ ಕಚೇರಿ ಪತ್ರಗಳಲ್ಲಿ ಉಳಿಯಿತು. ಅಪಾಯವಿರುವುದು ಅರ್ಥ ಪಲ್ಲಟವಾಗುವ ಪದಗಳಲ್ಲಿ. ‘ಐ ಪಾಸ್ಡ್ ಔಟ್ ಇನ್ 2015’ ಎಂದರೆ ಹೊರಗಿನವರಿಗೆ ನೀವು ಮೂರ್ಛೆ ಬಿದ್ದಿರಿ ಎಂದು ಕೇಳಿಸುತ್ತದೆ, ‘ಗ್ರ್ಯಾಜುಯೇಟೆಡ್’ ಅನ್ನಿ. ‘ಐ ವಿಲ್ ರಿವರ್ಟ್’ ಎಂದರೆ ಉತ್ತರಿಸುತ್ತೇನೆ ಎಂದಲ್ಲ, ಹಳೆಯ ಸ್ಥಿತಿಗೆ ಮರಳುತ್ತೇನೆ ಎಂದು ತಿಳಿಯುವವರಿದ್ದಾರೆ.

‘ಪ್ರಿಪೋನ್’ ಪರವಾಗಿ ಮಾತ್ರ ನಾನು ವಾದಿಸುತ್ತೇನೆ. ‘ಪೋಸ್ಟ್‌ಪೋನ್’ ಮುಂದೂಡುವುದಾದರೆ ಇದು ಹಿಂದಕ್ಕೆ ತರುವುದು. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಜಾಗ ಸಿಕ್ಕಿದೆ. ಬೇರೆಯವರು ಇದಕ್ಕೆ ‘ಬ್ರಿಂಗ್ ಫಾರ್ವರ್ಡ್’, ‘ಮೂವ್ ಫಾರ್ವರ್ಡ್’ ಅನ್ನುತ್ತಾರೆ. ಆದರೆ ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ ಫಾರ್ವರ್ಡ್’ ಮಾಡಿದ್ದೇವೆ ಎಂದರೆ ಇಂಗ್ಲಿಷ್ ಮನೆಮಾತಿನವರಲ್ಲೇ ಕೆಲವರು ಸೋಮವಾರ ಬರುತ್ತಾರೆ, ಕೆಲವರು ಶುಕ್ರವಾರ. ‘ಪ್ರಿಪೋನ್’ ಅಂದಿದ್ದರೆ, ಆ ಪದ ಗೊತ್ತಿದ್ದವರಾದರೂ ಎಲ್ಲರೂ ಸೋಮವಾರವೇ ಬರುತ್ತಿದ್ದರು.